ಬುಟ್ಟಿಯಲ್ಲಿ ಜರತಾರಿ ನಿಲುವಂಗಿ

ಸೆಪ್ಟೆಂಬರ್ 5, ಶುಕ್ರವಾರ

ಮೂವತ್ತು ವರ್ಷದಿಂದ ಬಾಯಿಯಿಂದಲೇ ಹೊಟ್ಟೆ ಹೊರೆದವನು ನಾನು. ಮದುವೆ, ತೊಟ್ಟಿಲು, ಅರವತ್ತು, ಎಂಬತ್ತು ಎಂದು ಅಲ್ಮಾಟಿಯಲ್ಲಿ ಯಾರು ಔತಣ ಇಟ್ಟರೂ ಜರತಾರಿ ನಿಲುವಂಗಿ ತೊಟ್ಟು, ಮೈಕು ಹಿಡಿದು ನಡೆಸಿಕೊಡುವ ಅಸಾಬಾ ಒರಾಜ್ ಎಂದರೆ ಗೊತ್ತಿಲ್ಲದವರಿಲ್ಲ. ಅಂಥವನು ಇವತ್ತು ಬಾಯಿಬಿಟ್ಟು ಹೇಳಲಾಗದ್ದನ್ನು ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಕೂತಿದ್ದೇನೆ.

ಸಂಜೆ ಕಾರ್ಲಿಗಾಶ್‌ಳ ಹಾಲ್‌ನಲ್ಲಿ ಮದುವೆ. ಮನೆ ಬಿಟ್ಟಾಗ ಬೇಕಾದಷ್ಟು ಹೊತ್ತಿತ್ತು. ಆದರೆ ಮೇಲಿನ ಬಡಾವಣೆಯಿಂದ ಕೆಳಪೇಟೆಗೆ ಇಳಿಯುವ ದಾರಿಯುದ್ದಕ್ಕೂ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನನ್ನದು ನಿಂತಲ್ಲೇ ಕುದಿದು, ಬುಸ್ಸೆಂದು ಹೊಗೆ ಬಿಟ್ಟು, ಚೌಕದ ನಟ್ಟನಡುವೆ ಪ್ರಾಣ ಬಿಟ್ಟಿತು. ಮೆಕ್ಯಾನಿಕ್ ತುರ್ಸುನ್ ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಪಾರ್ಟು ಹೊರದೇಶದಿಂದ ಬರಬೇಕಂತೆ. ನಾನು ಬೆವರಿಳಿಸಿಕೊಂಡು ಹಾಲ್ ಮುಟ್ಟುವ ಹೊತ್ತಿಗೆ ಮದುಮಗಳ ಮುಸುಕು ತೆಗೆಯುವ ಹಾಡಿನ ಹೊತ್ತು ಮೀರಿ ಎಷ್ಟೋ ಆಗಿತ್ತು.

ಕಾರ್ಲಿಗಾಶ್ ಬೈಯಲಿಲ್ಲ, ಅದೇ ಭಯ. ಒರಾಜ್ ಎನ್ನದೆ ಗೌರವಕ್ಕೆ ಒರೇಕೆ ಎನ್ನುವವಳು, ನನ್ನನ್ನು ಪಕ್ಕಕ್ಕೆ ಕರೆದಳು. "ಒರೇಕೆ, ಆ ಹುಡುಗಿ ಮುಸುಕು ಹಾಕ್ಕೊಂಡು ನಿಂತೂ ನಿಂತೂ ಕಾಲು ಸೋತು ಕುರ್ಚಿ ಕೇಳಿದ್ಲು. ಇದು ಎರಡನೇ ಸಲ. ಇನ್ನೊಂದು ಸಲ ತಡ ಆದ್ರೆ ಮೈಕು ದಿಯಾಸ್‌ಗೆ. ಆ ಹುಡುಗನ ಬಾಯಲ್ಲಿ ಗಾದೆ ಇಲ್ಲ ನಿಜ, ಆದ್ರೆ ಕೈಯಲ್ಲಿ ಗಡಿಯಾರ ಇದೆ."

ಈ ಹಾಲ್ ತಪ್ಪಿದರೆ ಸುದ್ದಿ ಹಬ್ಬಿ ಉಳಿದವೂ ತಪ್ಪುತ್ತವೆ. ಅದಕ್ಕಿಂತ ಹೆಚ್ಚಾಗಿ, ನವೆಂಬರ್ ಎಂಟಕ್ಕೆ ಇದೇ ಹಾಲ್‌ನಲ್ಲಿ ಚಿಕ್ಕಪ್ಪ ಸೆಯ್ತ್‌ಖಾನರ ಎಂಬತ್ತರ ಔತಣ. ಅಪ್ಪ ತೀರಿದ ಮೇಲೆ ನಮ್ಮ ಇಡೀ ವಂಶಕ್ಕೆ ಅವರೇ ಹಿರಿಯರು. ಆ ದಿನ ದಿಯಾಸ್ ಎಂಬ ಮೀಸೆ ಮೂಡದ ಪೋರನ ಕೈಯಲ್ಲಿ ಮೈಕು ಕಂಡರೆ ನಾನು ಬದುಕಿದ್ದೂ ಸತ್ತ ಹಾಗೆ.

ಸೆಪ್ಟೆಂಬರ್ 6

ಟ್ಯಾಕ್ಸಿಯಲ್ಲಿ ಹೊರಟೆ. ಟ್ಯಾಕ್ಸಿಗೇನು ರೆಕ್ಕೆ ಇದೆಯೇ? ಅದೂ ಅದೇ ಸಾಲಿನಲ್ಲಿ ನಿಂತಿತು. ಬಸ್ಸೂ ಅಲ್ಲೇ ನಿಂತಿತ್ತು. ಅರ್ಧ ದಾರಿಗೆ ಇಳಿದು ನಿಲುವಂಗಿಯನ್ನು ಕಂಕುಳಲ್ಲಿ ಒತ್ತಿಕೊಂಡು ಓಡಿದೆ. ಹೇಗೋ ಹೊತ್ತಿಗೆ ಮುಟ್ಟಿದೆ, ಆದರೆ ಮೊದಲ ಹತ್ತು ಮಾತು ಉಬ್ಬಸದಲ್ಲೇ ಹೋಯಿತು. ಮದುಮಗನ ಅಜ್ಜಿ ನನಗೆ ನೀರು ತರಿಸಿಕೊಟ್ಟಳು.

ಮನೆಗೆ ಬಂದು ರೌಶಾನ್‌ಗೆ ಹೇಳಿದರೆ ಅವಳು ಚಹಾಕ್ಕೆ ಹಾಲು ಬೆರೆಸುತ್ತಲೇ ಅಂದಳು: "ಐಜೆರೆ ಸೈಕಲ್ಲು ಬಾಲ್ಕನೀಲಿ ಧೂಳು ತಿಂತಾ ಬಿದ್ದಿದೆ. ಹೋಗೋದೆಲ್ಲ ಇಳಿಜಾರು. ಕೂತ್ರೆ ತಾನೇ ಹೋಗುತ್ತೆ."

ಮಗಳು ಮದುವೆಯಾಗಿ ಶಿಮ್ಕೆಂತ್‌ಗೆ ಹೋಗುವಾಗ ಬಿಟ್ಟುಹೋದ ಸೈಕಲ್ಲು. ಹೆಂಗಸರ ಸೈಕಲ್ಲು. ನೇರಳೆ ಬಣ್ಣ. ಮುಂದೆ ಬುಟ್ಟಿ ಬೇರೆ!

"ನಿನಗೆ ತಲೆ ಸರಿ ಇದೆಯಾ?" ಅಂದೆ. "ಕುದುರೆ ಗಂಡಿನ ರೆಕ್ಕೆ ಅಂತ ನಾನೇ ಮೈಕಲ್ಲಿ ಹೇಳೋದು. ಊರೋರು ಏನಂತಾರೆ?"

"ತಡವಾಗಿ ಹೋದ್ರೆ ಊರೋರು ಏನೂ ಅನ್ನಲ್ವಾ?" ಅಂದಳು. ಈ ಹೆಂಗಸಿನ ಜೊತೆ ವಾದ ಮಾಡಿ ಗೆದ್ದ ದಿನ ನನಗೆ ನೆನಪಿಲ್ಲ. ಮಾತಿಗೆ ಮಾತು ಬೆಳೆದು ಊಟ ಬಿಟ್ಟು ಮಲಗಿದೆ.

ಸೆಪ್ಟೆಂಬರ್ 12

ಹೋದೆ. ದೇವರಾಣೆ, ಸೈಕಲ್ಲಿನಲ್ಲಿ ಹೋದೆ.

ನಿಲುವಂಗಿಯನ್ನು ಮಡಚಿ ಬುಟ್ಟಿಯಲ್ಲಿಟ್ಟು ಮೇಲೆ ಪತ್ರಿಕೆ ಮುಚ್ಚಿದೆ. ಟೋಪಿ ಬೇಡ, ಗುರುತು ಸಿಗುತ್ತದೆಂದು ಕೂಲಿಂಗ್ ಗ್ಲಾಸ್ ಹಾಕಿಕೊಂಡೆ. ರೌಶಾನ್ ನನ್ನ ಪ್ಯಾಂಟಿನ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ನಗು ತಡೆಯಲಾಗದೆ ಒಳಗೆ ಓಡಿದಳು.

ಮೊದಲ ತಿರುವಿನವರೆಗೆ ಬ್ರೇಕು ಬಿಟ್ಟಿದ್ದರೆ ಕೇಳಿ. ಆಮೇಲೆ ಪಕ್ಕದಲ್ಲಿ ನಿಂತ ಕಾರುಗಳನ್ನು ನೋಡಿದೆ. ದೊಡ್ಡ ದೊಡ್ಡ ಜೀಪುಗಳು, ಒಳಗೆ ಒಬ್ಬೊಬ್ಬನೇ ಕೂತು ಸ್ಟಿಯರಿಂಗ್‌ಗೆ ಗುದ್ದುತ್ತಿದ್ದಾನೆ. ನಾನು ಪಕ್ಕದಿಂದ ಸರ್ರನೆ ಜಾರಿಹೋದೆ. ಹಾಲ್‌ಗೆ ಎಷ್ಟು ಬೇಗ ಮುಟ್ಟಿದೆ ಎಂದರೆ ಇನ್ನೂ ಮೇಜಿಗೆ ಬಟ್ಟೆ ಹಾಸುತ್ತಿದ್ದರು. ಸೈಕಲ್ಲನ್ನು ಅಡುಗೆಮನೆಯ ಹಿಂದೆ ಈರುಳ್ಳಿ ಮೂಟೆಗಳ ಮರೆಗೆ ಅಡಗಿಸಿ, ನಿಲುವಂಗಿ ತೊಟ್ಟು, ಈಗಷ್ಟೇ ಕಾರಿನಿಂದಿಳಿದವನ ಗತ್ತಿನಲ್ಲಿ ಮುಂಬಾಗಿಲಿಂದ ಒಳಗೆ ಹೋದೆ.

ಕಾರ್ಲಿಗಾಶ್ ಗಡಿಯಾರ ನೋಡಿ ಹುಬ್ಬೇರಿಸಿದಳು. ವಾಪಸು ಬರುವಾಗ ವಾದ್ಯದವರ ವ್ಯಾನಿನಲ್ಲಿ ಸ್ಪೀಕರ್‌ಗಳ ನಡುವೆ ಸೈಕಲ್ಲಿಗೂ ಜಾಗ ಸಿಕ್ಕಿತು. ಕಾರು ರಿಪೇರಿಯಾಗುವವರೆಗೆ ಮಾತ್ರ ಎಂದು ಅವರಿಗೆ ಎರಡೆರಡು ಸಲ ಹೇಳಿದ್ದೇನೆ.

ಸೆಪ್ಟೆಂಬರ್ 13

ಕೂರಲಾಗುತ್ತಿಲ್ಲ. ನಿಂತೇ ಬರೆಯುತ್ತಿದ್ದೇನೆ.

ತೂಗಿ ನೋಡಿದರೆ ಈ ಸೈಕಲ್ಲಿನ ಸಹವಾಸ ನಮ್ಮಂಥವರಿಗಲ್ಲ. ಸೈಕಲ್ಲಿಗೆಂದು ಬಣ್ಣ ಬಳಿದ ಪಟ್ಟಿಯ ಮೇಲೆಲ್ಲ ಕಾರು ನಿಲ್ಲಿಸಿರುತ್ತಾರೆ. ಪಕ್ಕಕ್ಕೆ ಸರಿದರೆ ಕಾಲುವೆ, ಈಚೆಗೆ ಬಂದರೆ ಬಸ್ಸು. ಧೂಳು ಕುಡಿಯಬೇಕು, ಹಾರ್ನು ಕೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ ಮರ್ಯಾದೆ. ಐವತ್ತೆರಡರ ಗಂಡಸು, ಸಂಬಂಧಿಕರಿರುವವನು, ಹೆಣ್ಣು ಕೊಟ್ಟವನು! ಲಾಭದ ಕಡೆ ನೋಡಿದರೆ ಒಂದೇ ಒಂದು, ಹೊತ್ತಿಗೆ ಮುಟ್ಟುತ್ತೇನೆ. ಅದಕ್ಕಾಗಿ ಸಹಿಸಬೇಕು, ಅಷ್ಟೇ.

ಸೆಪ್ಟೆಂಬರ್ 20

ಕಾಲುವೆಗೆ ಬಿದ್ದೆ. ಓಕ್ ಮರದಡಿ ನಿಂತಿದ್ದ ಕಾರಿನ ಬಾಗಿಲು ದಿಢೀರನೆ ತೆರೆದುಕೊಂಡಿತು. ನಾನು ಹ್ಯಾಂಡಲ್ ತಿರುಗಿಸಿದೆ, ಬೆಟ್ಟದ ತಣ್ಣೀರಿನಲ್ಲಿ ಮೊಣಕಾಲವರೆಗೆ ಮುಳುಗಿ ನಿಂತೆ. ಬಾಗಿಲು ತೆರೆದವನು ಕ್ಷಮೆ ಕೇಳುವುದಿರಲಿ, "ಏನಜ್ಜಾ, ಕುದುರೆ ಮಾರ್ಕೊಂಡ್ಬಿಟ್ಟೆಯಾ?" ಅಂತ ಹಲ್ಲು ಕಿರಿದ. ಮೂವತ್ತು ವರ್ಷ ಮಾತಿನ ಮಲ್ಲ ಅನ್ನಿಸಿಕೊಂಡ ನಾನು ಬೂಟಿನ ನೀರು ಚೆಲ್ಲಿ ಸೈಕಲ್ಲು ಎತ್ತಿದೆ.

ನಿಲುವಂಗಿ ಮಾತ್ರ ಒದ್ದೆಯಾಗಲಿಲ್ಲ. ಅದನ್ನು ಬುಟ್ಟಿ ಕಾಪಾಡಿತು. ಒದ್ದೆ ಕಾಲುಚೀಲದಲ್ಲೇ ಔತಣ ನಡೆಸಿದೆ. ಇನ್ನು ಈ ಸೈಕಲ್ಲು ಮುಟ್ಟುವುದಿಲ್ಲ. ಮುಟ್ಟಿದರೆ ನನ್ನ ಹೆಸರು ಒರಾಜ್ ಅಲ್ಲ.

ಸೆಪ್ಟೆಂಬರ್ 21

ಇವತ್ತು ಯಾವ ಔತಣವೂ ಇಲ್ಲ. ಬೆಳಗ್ಗೆ ರೊಟ್ಟಿ ತರಲು ಸೈಕಲ್ಲಿನಲ್ಲಿ ಹೋಗಿಬಂದೆ. ಹತ್ತಿರದಲ್ಲೇ ಅಂಗಡಿ ಇದೆ, ಆದರೆ ಕೆಳಗಿನ ತಂದೂರಿನವನ ರೊಟ್ಟಿ ಬಿಸಿ ಇರುತ್ತದೆ. ಬರುತ್ತ ಏರಿನಲ್ಲಿ ಇಳಿದು ತಳ್ಳಬೇಕಾಯಿತು. ಅರ್ಧ ರೊಟ್ಟಿ ದಾರಿಯಲ್ಲೇ ಖಾಲಿ.

ಅಕ್ಟೋಬರ್ 2

ತುರ್ಸುನ್ ಫೋನ್ ಮಾಡಿದ. ಹಿರಿಯನೆಂದು ನನ್ನನ್ನು ಅಗಾ ಅನ್ನುತ್ತಾನೆ. "ಅಗಾ, ಪಾರ್ಟು ಬಂತು, ಹಾಕಿದ್ದೂ ಆಯ್ತು. ಕಾರು ಮದುವೆ ಗಂಡಿನ ಥರ ನಿಂತಿದೆ. ಬಂದು ತಗೊಂಡ್ಹೋಗಿ."

ಅಬ್ಬ, ಒಂದು ಪೀಡೆ ಕಳೆಯಿತು. ನಾಳೆ ಹೋಗುತ್ತೇನೆ.

ಅಕ್ಟೋಬರ್ 10

ಮಳೆ ನಿಂತು ಬೆಟ್ಟದ ನೆತ್ತಿಗೆ ಹೊಸ ಹಿಮ ಬಿದ್ದಿದೆ. ಕಾರಿನಲ್ಲಿ ಹೋಗುವಾಗ ಕಾಣುವುದು ಮುಂದಿನವನ ನಂಬರ್ ಪ್ಲೇಟು ಮಾತ್ರ. ಇವತ್ತು ಸೇಬು ಮಾರುವ ಮುದುಕಿಯ ಹತ್ತಿರ ನಿಂತು ಮಾತಾಡಿದೆ. ಹೆಸರು ನೂರಿಲಾ. ಮೊಮ್ಮಗನ ಸುನ್ನತಿ ಔತಣಕ್ಕೆ ನಾನೇ ಬರಬೇಕಂತೆ. "ಮೈಕಿಲ್ಲದೇನೇ ಇಷ್ಟು ಚೆನ್ನಾಗಿ ಮಾತಾಡ್ತೀಯಲ್ಲಪ್ಪಾ" ಅಂದಳು.

ಆದರೆ ಮುಂದಿನ ಸಿಗ್ನಲ್‌ನಲ್ಲಿ ಗ್ರಹಚಾರ ಕಾದಿತ್ತು. ಪಕ್ಕದ ಜೀಪಿನ ಗಾಜು ಇಳಿಯಿತು. ಒಳಗೆ ಮರಾತ್, ಸೆಯ್ತ್‌ಖಾನ್ ಚಿಕ್ಕಪ್ಪನ ದೊಡ್ಡ ಮಗ.

"ಒರಾಜ್ ಅಗಾ? ನೀವಾ? ಇದೇನಿದು?" ಅಂತ ಬುಟ್ಟಿ ನೋಡಿದ.

"ಹ್ಹೆ ಹ್ಹೆ, ಹೀಗೇ. ಕಾರು ಮೆಕ್ಯಾನಿಕ್ ಹತ್ರ ಇದೆ."

"ಯಾವಾಗಿಂದ?"

"ಹೋದ ತಿಂಗಳಿಂದ."

ಅವನು ನನ್ನ ಮುಖವನ್ನೇ ನೋಡಿದ. ಅಲ್ಮಾಟಿಯಲ್ಲಿ ಕಾರು ಮಾರಿಕೊಂಡವರೆಲ್ಲ ಹೇಳುವ ಮಾತು ಇದೇ ಎಂಬುದು, ನಾನು ಹೇಳಿ ಮುಗಿಸಿದ ಮೇಲೆ ಹೊಳೆಯಿತು. "ಸರಿ ಅಗಾ, ಹುಷಾರು" ಎಂದು ಬಹಳ ಮೆತ್ತಗೆ ಹೇಳಿ ಹೋದ. ಮರಾತ್ ಮೆತ್ತಗೆ ಮಾತಾಡುವ ಜಾತಿಯವನಲ್ಲ.

ಅಕ್ಟೋಬರ್ 11

ಇಲಿ ಹೋಯಿತೆಂದರೆ ಹುಲಿ ಹೋಯಿತು ಅನ್ನುವ ಬಳಗ ನಮ್ಮದು. ಬೆಳಗಿನಿಂದ ಫೋನೋ ಫೋನು. ಒಬ್ಬಳು ನಾನು ಜೂಜಾಡಿದೆನೇ ಎಂದು ರೌಶಾನ್‌ಳನ್ನು ಕೇಳಿದಳು. ಇನ್ನೊಬ್ಬ, "ಬ್ಯಾಂಕಿನವ್ರು ಮನೇನೂ ತಗೊಂಡ್ರಾ?" ಅಂದ. ನಿಜ ಹೇಳಿದಷ್ಟೂ ಅವರಿಗೆ ಸುಳ್ಳಾಗಿ ಕೇಳುತ್ತದೆ.

ಸಂಜೆ ಹಳ್ಳಿಯಿಂದ ಚಿಕ್ಕಪ್ಪನೇ ಮಾಡಿದರು. ಹುಟ್ಟಿದಾಗಿನಿಂದ ನನಗೆ ಗದರಿಕೊಂಡೇ ಮಾತಾಡಿದ ಮನುಷ್ಯ ಇವತ್ತು, "ಊಟ ಆಯ್ತೇನೋ ಮಗನೇ?" ಅಂದರು. ಗದರಿದ್ದರೇ ಚೆನ್ನಾಗಿತ್ತು.

ಅಕ್ಟೋಬರ್ 17

ತುರ್ಸುನ್ ಮತ್ತೆ ಫೋನ್ ಮಾಡಿದ. ಅಂಗಳದಲ್ಲಿ ಜಾಗವಿಲ್ಲವಂತೆ. ಅವನ ಹೆಂಡತಿ ನನ್ನ ಕಾರಿನ ಮೇಲೆ ಮೆಣಸಿನಕಾಯಿ ಒಣಹಾಕಿದ್ದಾಳಂತೆ. ಒಣಗಲಿ ಬಿಡು, ನಾಡಿದ್ದು ಬರುತ್ತೇನೆ ಅಂದೆ.

ರೌಶಾನ್ ಕೇಳಿಸಿಕೊಂಡು, "ಐಜೆರೆ ಅಪ್ಪಾ, ತಂದು ಬಾಗಿಲ ಮುಂದೆ ನಿಲ್ಸಿಬಿಡಿ, ಎಲ್ಲರ ಬಾಯೂ ಮುಚ್ಚುತ್ತೆ" ಅಂದಳು. ಸರಿಯಾದ ಮಾತೇ. ಆದರೆ ಈ ವಾರ ಸಾಲಾಗಿ ಔತಣ, ಹೋಗಲು ಹೊತ್ತೆಲ್ಲಿದೆ? ಊಟವಾದ ಮೇಲೆ ಇಬ್ಬರೂ ಬಾಲ್ಕನಿಯಲ್ಲಿ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟೆವು. ಅವಳು ಚಿಕ್ಕಂದಿನಲ್ಲಿ ಅಣ್ಣನ ಸೈಕಲ್ಲು ಕದ್ದು ಕೆರೆಯವರೆಗೆ ಹೋಗಿದ್ದ ಕಥೆ ಹೇಳಿದಳು. ಇಷ್ಟು ವರ್ಷದಲ್ಲಿ ನನಗೆ ಹೇಳಿಯೇ ಇರಲಿಲ್ಲ. ಕೇಳಿರಲಿಲ್ಲವಲ್ಲ ಅಂತಾಳೆ.

ಅಕ್ಟೋಬರ್ 25

ಬಿತ್ತು ಪೆಟ್ಟು. ಮುಂದಿನ ವಾರದ ಮದುವೆಯವರು ನಾನು ಬೇಡವೆಂದರಂತೆ. ಹೆಣ್ಣಿನ ತಂದೆಯ ಮಾತು: ಹೊಸ ಸಂಸಾರ ಕಟ್ಟುವ ದಿನ ಇದ್ದ ಕಾರನ್ನೂ ಕಳಕೊಂಡವನ ಬಾಯಿಂದ ಹಾರೈಕೆ ಬೇಡ, ಅಪಶಕುನ.

ಕಾರ್ಲಿಗಾಶ್ ನೊಂದುಕೊಂಡೇ ಹೇಳಿದಳು. "ಒರೇಕೆ, ಸೆಪ್ಟೆಂಬರಿಂದ ನೀವು ಒಂದು ನಿಮಿಷ ತಡ ಮಾಡಿಲ್ಲ. ಮಾತೂ ಮುಂಚಿಗಿಂತ ಕಳೆಗಟ್ಟಿದೆ, ನಾನೇ ಒಪ್ಕೋತೀನಿ. ಆದ್ರೆ ಜನಕ್ಕೆ ಕಿವಿಗಿಂತ ಕಣ್ಣು ದೊಡ್ಡದು. ನಿಮ್ ಚಿಕ್ಕಪ್ಪನ ಔತಣದ ದಿನಾನಾದ್ರೂ ಕಾರಲ್ಲಿ ಬನ್ನಿ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು ಎಂದರೆ ಇದೇ. ಸಿಟ್ಟಿನಲ್ಲಿ ಅಲ್ಲಿಂದಲೇ ನೆಟ್ಟಗೆ ತುರ್ಸುನ್‌ನ ಅಂಗಳಕ್ಕೆ ಹೋದೆ, ಕಾರು ತಂದೇಬಿಡುವುದೆಂದು. ಮೆಣಸಿನಕಾಯಿ ಗುಡಿಸಿ ಕೀಲಿ ಕೊಟ್ಟ. ಕೂತೆ. ಶುರುವಾಯಿತು. ಆಗ ನೋಡಿದರೆ ನಾನು ಬಂದದ್ದು ಸೈಕಲ್ಲಿನಲ್ಲಿ! ಅದನ್ನೇನು ಮಾಡಲಿ? ಡಿಕ್ಕಿಯಲ್ಲಿ ಹಿಡಿಸಲಿಲ್ಲ. "ಚಕ್ರ ಬಿಚ್ಚಿ ಕೊಡ್ತೀನಿ, ಎರಡು ನಿಮಿಷದ ಕೆಲ್ಸ" ಅಂದ ತುರ್ಸುನ್. ಸುಮ್ಮನೆ ಅವನಿಗೇಕೆ ತೊಂದರೆ ಎಂದು ಸೈಕಲ್ಲಿನಲ್ಲೇ ಮನೆಗೆ ಬಂದೆ.

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಮೆಕ್ಯಾನಿಕ್‌ಗಳೇ ಹಾಗೆ.

ನವೆಂಬರ್ 7, ಶುಕ್ರವಾರ

ನಾಳೆ ಔತಣ. ಇವತ್ತು ಮರಾತ್‌ನ ಹೆಂಡತಿ ರೌಶಾನ್ ಬಳಿ ಬಾಯಿಬಿಟ್ಟಿದ್ದಾಳೆ.

ಬಳಗದವರೆಲ್ಲ ಸೇರಿ ನನಗೆ ಝಿಲು ಎತ್ತುತ್ತಿದ್ದಾರಂತೆ.

ಝಿಲು ಎಂದರೆ ಬೆಚ್ಚಗೆ ಮಾಡುವುದು. ಚಳಿಗಾಲದಲ್ಲಿ ಹಿಂಡೆಲ್ಲ ಸತ್ತವನಿಗೆ, ಮನೆ ಸುಟ್ಟುಹೋದವನಿಗೆ ರಕ್ತಸಂಬಂಧಿಗಳು ಒಬ್ಬೊಬ್ಬರು ಒಂದೊಂದು ಕೊಟ್ಟು ಮತ್ತೆ ನಿಲ್ಲಿಸುವುದು. ಕೇಳಿ ಪಡೆಯುವುದಲ್ಲ, ಬೇಡ ಅನ್ನುವ ಹಾಗೂ ಇಲ್ಲ. ಬೇಡ ಎಂದವನು ನೀವು ನನ್ನವರಲ್ಲ ಎಂದ ಹಾಗೆ. ನಾನೇ ಎಷ್ಟು ಸಲ ಮೈಕಿನಲ್ಲಿ ಈ ಪದ್ಧತಿಯನ್ನು ಹೊಗಳಿ ಚಪ್ಪಾಳೆ ಗಿಟ್ಟಿಸಿದ್ದೇನೆ!

ನಾಳೆ ಆ ತುಂಬಿದ ಹಾಲ್‌ನಲ್ಲಿ ಕೊಡುತ್ತಾರೆ. ತೆಗೆದುಕೊಂಡರೆ ನಾನು ಮೋಸಗಾರ. ತಳ್ಳಿದರೆ ಎಂಬತ್ತರ ಹಿರಿಯನಿಗೆ ಅವರದೇ ಔತಣದಲ್ಲಿ ಕಪಾಳಕ್ಕೆ ಹೊಡೆದ ಹಾಗೆ.

"ಇವತ್ತೇ ಫೋನ್ ಮಾಡಿ ನಿಜ ಹೇಳಿಬಿಡಿ" ಅಂದಳು ರೌಶಾನ್.

"ಏನಂತ ಹೇಳ್ಲಿ? ಕಾರು ರೆಡಿ ಇದೆ, ನಾನೇ ತಂದಿಲ್ಲ ಅಂತಲಾ? ಯಾಕೆ ಅಂದ್ರೆ?"

"ಯಾಕೆ?" ಅಂದಳು.

ನಿಲುವಂಗಿಗೆ ಇಸ್ತ್ರಿ ಹಾಕಲು ಎದ್ದುಹೋದೆ.

ನವೆಂಬರ್ 9

ನಿನ್ನೆಯದನ್ನೆಲ್ಲ ಇವತ್ತೇ ಬರೆಯಬೇಕು, ನಾಳೆಗೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ಕಾರು ತರಲು ಹೊತ್ತಿರಲಿಲ್ಲ. ಟ್ಯಾಕ್ಸಿ ನಂಬಿ ಚಿಕ್ಕಪ್ಪನ ಔತಣಕ್ಕೆ ತಡ ಮಾಡುವ ಧೈರ್ಯವಿರಲಿಲ್ಲ. ರೌಶಾನ್‌ಳನ್ನು ಅಕ್ಕಪಕ್ಕದವರ ಜೊತೆ ಕಳಿಸಿ ನಾನು ಸೈಕಲ್ಲಿನಲ್ಲೇ ಇಳಿದೆ. ಹಾಲ್ ಖಾಲಿ. ಬಳಗವೆಲ್ಲ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದೆ. ಮಧ್ಯಾಹ್ನವೇ ಹಳ್ಳಿಯಿಂದ ಬಂದಿದ್ದ ಚಿಕ್ಕಪ್ಪ ಒಬ್ಬರೇ ದೊಡ್ಡ ಮೇಜಿನ ತಲೆಯಲ್ಲಿ ಪದಕಗಳನ್ನು ಸಿಕ್ಕಿಸಿಕೊಂಡು ಕೂತಿದ್ದಾರೆ. ನನ್ನ ಪ್ಯಾಂಟಿನ ಕ್ಲಿಪ್ಪು ನೋಡಿದರು. ಏನೂ ಕೇಳಲಿಲ್ಲ. ತಮ್ಮ ಕೈಯಾರೆ ಚಹಾ ಬಗ್ಗಿಸಿ ನನ್ನ ಮುಂದೆ ತಳ್ಳಿದರು. ಹೇಳಬೇಕೆಂದು ಬಾಯಿ ತೆರೆದೆ, ಬಿಸಿ ಚಹಾ ಕುಡಿದು ಮುಚ್ಚಿದೆ. ಹೇಡಿ.

ಜನ ಬಂದರು. ಹಾಡಾಯಿತು, ಹಾರೈಕೆಯಾಯಿತು, ಮಾಂಸದ ತಟ್ಟೆಗಳು ಬಂದವು. ಎಲ್ಲ ಸರಾಗ. ಮುಯ್ಯಿಯ ಹೊತ್ತಿಗೆ ಚಿಕ್ಕಪ್ಪ ಎದ್ದು ನಿಂತರು.

"ನನಗೆ ಮುಯ್ಯಿ ಬೇಡ. ಎಂಬತ್ತು ವರ್ಷ ತಿಂದಿದ್ದೀನಿ, ಉಟ್ಟಿದ್ದೀನಿ. ನಮ್ಮಲ್ಲೊಬ್ಬ ಬಿದ್ದಿದ್ದಾನೆ. ನನ್ನ ಅಣ್ಣನ ಮಗ. ಬಿದ್ದೆ ಅಂತ ಹೇಳ್ಕೊಳ್ಳೋಕೂ ನಾಚ್ಕೊಂಡು ನಗ್ತಾ ನಿಂತಿದ್ದಾನೆ ನೋಡಿ ಅಲ್ಲಿ. ಇವತ್ತು ನಂಗೆ ತಂದದ್ದೆಲ್ಲ ಅವನಿಗೆ ಝಿಲು." ಆಮೇಲೆ ನನ್ನ ಕಡೆ ತಿರುಗಿ, "ಹೂಂ, ಅಸಾಬಾ ಅಲ್ವಾ ನೀನು? ಒಬ್ಬೊಬ್ಬರ ಹೆಸರು ಹಿಡಿದು ಕೂಗು" ಅಂದರು.

ನನ್ನ ಭಿಕ್ಷೆಯನ್ನು ನಾನೇ ಮೈಕಿನಲ್ಲಿ ಕೂಗಬೇಕು! ಮರಾತ್ ರತ್ನಗಂಬಳಿ ಹೊತ್ತು ತಂದ, ಕೂಗಿದೆ. ಯಾರೋ ಐದು ಕುರಿ ಅಂದರು, ಕೂಗಿದೆ. ಜೂಜಿನ ಸುದ್ದಿ ಕೇಳಿದ್ದವಳು ಅಳುತ್ತ ಬಂದು ಲಕೋಟೆ ಇಟ್ಟಳು. ಕೊನೆಗೆ ಚಿಕ್ಕಪ್ಪ ತಮ್ಮ ಹಳೇ ಕಾರು 'ನೀವಾ'ದ ಕೀಲಿಯನ್ನು ಎಲ್ಲದರ ಮೇಲಿಟ್ಟರು. ಆ ಕಾರಿಲ್ಲದೆ ಅವರು ಕುರಿದೊಡ್ಡಿಗೂ ಹೋಗುವವರಲ್ಲ. ಅಷ್ಟು ಹೊತ್ತು ಗಟ್ಟಿಯಿದ್ದ ನನ್ನ ದನಿ ಅಲ್ಲಿ ಒಡೆಯಿತು. ಜನ ಅದನ್ನು ಕೃತಜ್ಞತೆ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಆಗ ಬಾಗಿಲ ಪಕ್ಕದ ಮೇಜಿನಿಂದ ಬಲ್ಜಾನ್ ಎದ್ದು ಬಂದಳು. ಮೂರು ವರ್ಷದ ಹಿಂದೆ ತೀರಿಕೊಂಡ ಯೆರ್ಲಾನ್‌ನ ಹೆಂಡತಿ. ಯೆರ್ಲಾನ್ ಚಿಕ್ಕಪ್ಪನ ಕಿರಿಯ ಮಗ, ಟ್ಯಾಕ್ಸಿ ಓಡಿಸುತ್ತಿದ್ದ. ಅವನ ಆಸ್ಪತ್ರೆಯ ಖರ್ಚಿಗೆ ಆ ಟ್ಯಾಕ್ಸಿಯೂ ಹೋಯಿತು. ಈಗ ಇವಳು ನರ್ಸು. ಮೂರು ಮಕ್ಕಳು, ಕೆಳಪೇಟೆಯಲ್ಲಿ ಬಾಡಿಗೆ ಕೋಣೆ, ರಾತ್ರಿ ಪಾಳಿಗೆ ಎರಡು ಬಸ್ಸು ಬದಲಿಸಿ ಹೋಗುತ್ತಾಳೆ. ಅವಳ ಕೈಯಲ್ಲಿ ಕುರಿಚರ್ಮದ ಒಳಪದರವಿದ್ದ ಒಂದು ಗಂಡಸಿನ ಕೋಟು. ನೋಡಿದ ಕೂಡಲೇ ಗುರುತು ಸಿಕ್ಕಿತು, ಯೆರ್ಲಾನ್‌ನದು.

"ಏನಮ್ಮಾ, ಏನಂತ ಕೂಗ್ಲಿ?" ಅಂದೆ.

ಸೊಸೆಯಂದಿರು ಹಿರಿಯರ ಮುಂದೆ ಮಾತಾಡುವುದು ಕಡಿಮೆ. ತಲೆ ತಗ್ಗಿಸಿಯೇ ಹೇಳಿದಳು. "ಭಾವಾ, ಕಾರಿಗೆ ಅಂತ ಕೊಡೋಕೆ ನನ್ ಹತ್ರ ಏನಿಲ್ಲ. ಇದು ಸೈಕಲ್ಲಿಗೆ. ಚಳಿ ಬಂತು, ಗಾಳಿಗೆ ನಿಮ್ ಗಂಟಲು ಕಟ್ಟುತ್ತೆ. ಆಮೇಲೆ ಹಾಡೋಕಾಗಲ್ಲ."

"ಇಲ್ಲಿ ಹಾಲ್ ಒಳಗೆ ಚಳಿ ಎಲ್ಲಿ ಬರುತ್ತಮ್ಮಾ?"

"ಇಲ್ಲಿ ಅಲ್ಲ. ದಾರೀಲಿ." ಈಗ ತಲೆಯೆತ್ತಿ ನೋಡಿದಳು. "ಪಾಳಿಗೆ ಹೋಗೋವಾಗ ಬಸ್ ಸ್ಟಾಪಿಂದ ನೋಡ್ತಿರ್ತೀನಲ್ಲ. ಇಳಿಜಾರಲ್ಲಿ ಎಷ್ಟು ಜೋರಾಗಿ ಹಾಡ್ಕೊಂಡು ಬರ್ತೀರ! ಸ್ಟಾಪಿನೋರೆಲ್ಲ ಕಾಯ್ತಿರ್ತೀವಿ. ಇವರೆಲ್ಲ ನೀವು ಮುಳುಗಿಹೋದ್ರಿ ಅಂದಾಗ ನಾನು ನಂಬಲಿಲ್ಲ. ಮುಳುಗಿದೋರು ಹಾಗೆ ಹಾಡಲ್ಲ."

ಹಾಲ್‌ನಲ್ಲಿ ಯಾರೋ ಕಿಸಕ್ಕೆಂದರು. ನಾನು ಆ ಕೋಟು ಹಿಡಿದು ನಿಂತಿದ್ದೆ. ಈ ಚಳಿಗಾಲಕ್ಕೆ ಅವಳ ದೊಡ್ಡ ಮಗನಿಗೆ ಆಗುತ್ತಿದ್ದ ಕೋಟು. ನಾಚಿಕೆಯಿಂದ ನೆಲಕ್ಕೆ ಇಳಿದುಹೋದೆ.

"ಏನೋ ಇದು?" ಅಂದರು ಚಿಕ್ಕಪ್ಪ. "ನಿಜ ಹೇಳು. ಕಾರು ಎಲ್ಲಿ?"

ಮೈಕು ಮೇಜಿನ ಮೇಲಿಟ್ಟೆ. "ಮೆಕ್ಯಾನಿಕ್ ಅಂಗಳದಲ್ಲೇ ಇದೆ ಅಗಾ. ರಿಪೇರಿಯಾಗಿ ತಿಂಗಳ ಮೇಲಾಯ್ತು. ನಾನು ಬಿದ್ದಿಲ್ಲ. ನಾನೇ ತರ್ಲಿಲ್ಲ."

"ಮತ್ತೆ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ರೋಗ?"

"ನಾಚಿಕೆ."

"ಸೈಕಲ್ಲು ತುಳಿಯೋಕಾ?"

"ಅಲ್ಲ ಅಗಾ. ಅದು ಇಷ್ಟ ಆಗ್ಬಿಟ್ಟಿದ್ದಕ್ಕೆ."

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ದೂರದ ಮೇಜಿನಲ್ಲಿ ರೌಶಾನ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಚಿಕ್ಕಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರು ಬೈಯುವ ಮುಂಚೆ ಮೂಗು ಅರಳುತ್ತದೆ. ಅರಳಿತು. ನನಗೆ ಜೀವ ಬಂತು.

"ಕತ್ತೆ! ಇಷ್ಟ ಆದದ್ದನ್ನು ಮುಚ್ಚಿಟ್ಟು ಊರಿಗೆಲ್ಲ ಸೂತಕ ಹಚ್ಚಿದೆಯಲ್ಲೋ! ನಿನ್ನಿಂದ ನಾನು ಒಂದು ತಿಂಗಳು ನಿದ್ದೆ ಮಾಡಿಲ್ಲ." ಆಮೇಲೆ ಆ ರಾಶಿಯತ್ತ ಕೈ ತೋರಿಸಿದರು. "ಎತ್ತಿದ ಝಿಲು ತಿರುಗಿ ಮನೆಗೆ ಹೋಗಬಾರದು. ನಮ್ಮಲ್ಲಿ ನಿಜವಾಗಿ ಯಾರಿಗೆ ಬೇಕೋ ಅವರಿಗೆ ಹೋಗ್ಲಿ. ಯಾರಿಗೆ ಅಂತ ನಾನು ಮೂರು ವರ್ಷದ ಹಿಂದೆಯೇ ಕೇಳಬೇಕಿತ್ತು." ಅವರ ಕಣ್ಣು ಬಲ್ಜಾನ್ ಮೇಲೆ ನಿಂತಿತು. ಎಲ್ಲರೂ ಅವಳನ್ನೇ ನೋಡಿದರು, ಇಷ್ಟು ವರ್ಷ ಕಾಣದೇ ಇದ್ದವಳನ್ನು ಈಗ ಕಂಡವರ ಹಾಗೆ.

"ಅಯ್ಯೋ ಅತಾ, ಬೇಡ" ಬಲ್ಜಾನ್ ಮಾವನಿಗೆ ಅಂದಳು.

"ಝಿಲು ಬೇಡ ಅನ್ನೋ ಹಾಗಿಲ್ಲ. ನಾವು ನಿನ್ನವರಲ್ವಾ?" ಆಮೇಲೆ ನನಗೆ: "ಬೀಳದೇ ಇದ್ದವನು ಎತ್ತಬೇಕು. ನಿನ್ನ ಪಾಲೇನು?"

ಮೂವತ್ತು ವರ್ಷದಿಂದ ಮೇಜು ಮೇಜಿಗೆ ಹೋಗಿ, ನಿಮ್ಮ ಪಾಲೇನು ಎಂದು ಕೇಳಿದವನು ನಾನು. ರೌಶಾನ್ ಕಡೆ ನೋಡಿದೆ. ಅವಳು ಕೈ ತೆಗೆದು ಒಂದೇ ಸಲ ತಲೆಯಾಡಿಸಿದಳು, ನನಗಿಂತ ಮುಂಚೆಯೇ ಗೊತ್ತಿದ್ದವಳ ಹಾಗೆ.

"ಕಾರು" ಅಂದೆ.

ಯೆರ್ಲಾನ್ ಮಲಗಿದ್ದಾಗ ಟ್ಯಾಕ್ಸಿ ಓಡಿಸಿದವಳು ಬಲ್ಜಾನ್. ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ರಾತ್ರಿ ಪಾಳಿ ಮುಗಿದು ಬಸ್ಸಿಲ್ಲದ ಹೊತ್ತಿನಲ್ಲಿ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಾಗುವುದನ್ನು ಕಾಯುತ್ತಿದ್ದಳಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅವಳು ಕಣ್ಣೊರೆಸಿಕೊಂಡು, ಆ ರಾಶಿಯ ಮೇಲಿದ್ದ ನೀವಾದ ಕೀಲಿಯನ್ನು ಎತ್ತಿ, ಎರಡೂ ಕೈಯಲ್ಲಿ ಚಿಕ್ಕಪ್ಪನ ಮುಂದೆ ಹಿಡಿದಳು. "ಅತಾ, ಝಿಲು ನಂದಾಯ್ತಲ್ಲ? ಹಾಗಾದ್ರೆ ಇದು ನಿಮ್ಮ ಎಂಬತ್ತಕ್ಕೆ ನನ್ನ ಮುಯ್ಯಿ." ಚಿಕ್ಕಪ್ಪ ಕೀಲಿ ಇಸಿದುಕೊಂಡ ವೇಗ ನೋಡಬೇಕಿತ್ತು! ಹಾಲ್ ಬಿದ್ದು ಬಿದ್ದು ನಕ್ಕಿತು. ನಾನು ಮೈಕು ಎತ್ತಿ ಅವಳ ಹೆಸರನ್ನು ಕೂಗಿದೆ. ಅದಕ್ಕಿಂತ ದೊಡ್ಡದಾಗಿ ನಾನು ಯಾರ ಹೆಸರನ್ನೂ ಕೂಗಿಲ್ಲ.

ಕೋಟು ಮಾತ್ರ ಎಷ್ಟು ಹೇಳಿದರೂ ವಾಪಸು ತೆಗೆದುಕೊಳ್ಳಲಿಲ್ಲ. ಅವಳ ದೊಡ್ಡ ಮಗನಿಗೆ ಹೊಸದು ಕೊಡಿಸಬೇಕು.

ನವೆಂಬರ್ 10

ಸಣ್ಣಗೆ ಹಿಮ. ಕೀಲಿ ಕೊಡಲು ಬಲ್ಜಾನ್ ಜೊತೆ ತುರ್ಸುನ್ ಅಂಗಳಕ್ಕೆ ಹೋಗಿದ್ದೆ. ಅವಳು ಕಾರಿನಲ್ಲಿ ಹೋದಳು, ನಾನು ಸೈಕಲ್ಲಿನಲ್ಲಿ ಬಂದೆ. ಯೆರ್ಲಾನ್‌ನ ಕೋಟು ಭುಜಕ್ಕೆ ಸ್ವಲ್ಪ ಬಿಗಿ, ಆದರೆ ಬೆಚ್ಚಗಿದೆ.

ನಾನು ಹಾಡುತ್ತೇನೆ ಎನ್ನುವುದು ಮಾತ್ರ ತಲೆಯೊಳಗೆ ಕೂರುತ್ತಿಲ್ಲ. ದಾರಿಯುದ್ದಕ್ಕೂ ಬಾಯಿ ಬಿಗಿಹಿಡಿದು ಕಿವಿಗೊಟ್ಟು ಕೇಳಿದೆ. ಏನೂ ಇಲ್ಲ. ಬಲ್ಜಾನ್ ಬೇರೆ ಯಾರನ್ನೋ ನೋಡಿರಬೇಕು. ಮನೆಗೆ ಬಂದು ರೌಶಾನ್‌ಗೆ ಹಾಗೇ ಹೇಳಿದೆ.

ಅವಳು ಹಿಟ್ಟು ನಾದುತ್ತಿದ್ದಳು. "ಮನೇಲೂ ಹಾಡ್ತೀರಲ್ಲ" ಅಂದಳು. "ಮುಖ ತೊಳೆಯೋವಾಗ. ಚಹಾಕ್ಕೆ ಇಡೋವಾಗ. ಈಗ ಮೆಟ್ಟಿಲು ಹತ್ತುವಾಗ್ಲೂ ಹಾಡ್ಕೊಂಡೇ ಬಂದ್ರಿ. ಐಜೆರೆ ತೊಟ್ಟಿಲಲ್ಲಿದ್ದಾಗ ಹಾಡ್ತಿದ್ರಿ, ಆಮೇಲೆ ನಿಂತುಹೋಗಿತ್ತು. ಸೆಪ್ಟೆಂಬರಿಂದ ಮತ್ತೆ ಶುರು."

"ಎರಡು ತಿಂಗಳಿಂದ ಕೇಳ್ತಾ ಇದ್ದೀಯ, ಒಂದು ಮಾತು ಹೇಳ್ಬಾರ್ದಾ ನಂಗೆ?"

"ಹೇಳಿದ್ರೆ ನಿಲ್ಲಿಸ್ಬಿಡ್ತಿದ್ರಿ" ಅಂದಳು.